ರಾತ್ರಿಶಾಲೆಯ ಬೀಳ್ಕೊಡುಗೆ

(ಸಂಘದ ಸಭೆಯಲ್ಲಿ ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಿಂತು ಕದಂಬರಿಂದ ಹಿಡಿದು ಮೈಸೂರಿನ ಅರಸರವರೆಗೆ ನಾಡಿನ ಕೀರ್ತಿಯನ್ನು ಹೇಳಬಲ್ಲ ವಿದ್ವಾಂಸರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಆ ಕೆಲಸ ನಮ್ಮಿಂದಾಗದು. ಕಾರ್ಯದರ್ಶಿಗಳಿಗೂ ಅದು ಗೊತ್ತಿದೆ. ಆದುದರಿಂದಲೇ ಅವರು, "ನೀವು ನಿಮ್ಮ ರಾತ್ರಿಶಾಲೆಯ ಸೆಂಡಾಫಿನ ಕಥೆ ಹೇಳಿದರೆ ಸಾಕು, ಮಕ್ಕಳೂ ಕೇಳುತ್ತಾರೆ" ಎಂದು ಅಪ್ಪಣೆ ಕೊಟ್ಟರು. ನಾವು ಎಂದರೆ ಈ ಮುಂಬಯಿಯ ಒಂದು ಕನ್ನಡ ರಾತ್ರಿಶಾಲೆಯಿಂದ 1969ರಲ್ಲಿ ಎಸ್.ಎಸ್.ಸಿ. ಪರೀಕ್ಷೆಗೆ ಕುಳಿತ ನಾಲ್ವರು. ಬಾಯಿ ಒಬ್ಬರದು, ಮಾತು ನಾಲ್ವರದು. ತಪ್ಪಿದ್ದರೆ ಬೈಗಳನ್ನೂ ನಾಲ್ಕು ಪಾಲು ಮಾಡಿಕೊಳ್ಳುತ್ತೇವೆ.

ರಾತ್ರಿಶಾಲೆಯೆಂದರೆ ಏನೆಂದು ಇಲ್ಲಿರುವ ಹಿರಿಯರಿಗೆ ಹೇಳಬೇಕಾಗಿಲ್ಲ. ಮಕ್ಕಳಿಗಾಗಿ ಎರಡು ಮಾತು. ಊರಿನಲ್ಲಿ ನಾಲ್ಕನೆಯದೋ ಐದನೆಯದೋ ತರಗತಿ ಬಿಟ್ಟು, ಹಡಗಿನಲ್ಲಿಯೋ ಬಸ್ಸಿನಲ್ಲಿಯೋ ಯಾರಾದರೊಬ್ಬ ಮಾವನ ಕೈಹಿಡಿದು ಈ ಪಟ್ಟಣಕ್ಕೆ ಬಂದ ಹುಡುಗರು ಹಗಲೆಲ್ಲಾ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ, ಆಫೀಸುಗಳಲ್ಲಿ ದುಡಿದು ಸಂಜೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಓದುತ್ತಿದ್ದ ಶಾಲೆ ಅದು. ಇಪ್ಪತ್ತನೆಯ ಶತಮಾನದ ಆರಂಭಕಾಲದಿಂದಲೂ ಮುಂಬಯಿಯ ಕನ್ನಡಿಗರು, ತುಳುವರು ಇಂಥ ಶಾಲೆಗಳನ್ನು ಕಟ್ಟುತ್ತ ಬಂದರು. ನಮ್ಮ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಹಗಲಿನಲ್ಲಿ ಚಿಕ್ಕ ಮಕ್ಕಳು ಓದುವ ಶಾಲೆಯೊಂದರ ಕೋಣೆಗಳು ನಮಗೆ ರಾತ್ರಿ ಸಿಗುತ್ತಿದ್ದವು. ಬೆಂಚುಗಳು ಮಕ್ಕಳ ಅಳತೆಯವು, ಕುಳಿತವರು ಮೀಸೆ ಬಂದ ಗಂಡಸರು. ಮೊಣಕಾಲು ಗಲ್ಲಕ್ಕೆ ತಾಗುವುದು. ಗೋಡೆಯ ಮೇಲೆ ಗಿಳಿ, ಮೊಲ, ಮಾವಿನಹಣ್ಣಿನ ಚಿತ್ರ. ಅದರ ಕೆಳಗೆ ನಮ್ಮ ಬೀಜಗಣಿತ.

ಇನ್ನೊಂದು ವಿಶೇಷ. ನಮ್ಮಲ್ಲಿ ಹಿರಿಯರು ಕಿರಿಯರು ಎಂಬುದು ಇಯತ್ತೆಯ ಮಾತೇ ಹೊರತು ವಯಸ್ಸಿನದಲ್ಲ. ಅಣ್ಣ ಒಂಬತ್ತರಲ್ಲಿ, ತಮ್ಮ ಹನ್ನೊಂದರಲ್ಲಿ ಇರುವುದು ಸಾಮಾನ್ಯ. ಮಾವನಿಗೆ ಅಳಿಯನೇ ಲೆಕ್ಕ ಹೇಳಿಕೊಟ್ಟದ್ದೂ ಉಂಟು. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಮಂಗಳೂರು ಉಡುಪಿಗಳು ಮದರಾಸು ರಾಜ್ಯದಲ್ಲಿ, ಧಾರವಾಡ ಬೆಳಗಾವಿ ಕಾರವಾರಗಳು ಮುಂಬಯಿ ರಾಜ್ಯದಲ್ಲಿ, ಕಲಬುರಗಿ ರಾಯಚೂರುಗಳು ಹೈದರಾಬಾದಿನಲ್ಲಿ ಹಂಚಿಹೋಗಿದ್ದುವಷ್ಟೆ. ಆ ಏಕೀಕರಣ ದೆಹಲಿಯಲ್ಲಿ ಆದುದಕ್ಕಿಂತ ಮೊದಲೇ ನಮ್ಮ ರಾತ್ರಿಶಾಲೆಗಳ ಬೆಂಚಿನ ಮೇಲೆ ಆಗಿತ್ತೆಂದು ನಮ್ಮ ಮುಖ್ಯೋಪಾಧ್ಯಾಯರು ಹೇಳುತ್ತಿದ್ದರು. ಕರಾವಳಿಯವರು "ಮಾಸ್ಟ್ರೇ" ಎಂದು ಕರೆದರೆ, ಧಾರವಾಡದವನು "ಮಾಸ್ತರ್ರೀ" ಎನ್ನುವನು, ಹಾಸನದ ಕಡೆಯ ಒಬ್ಬನಿದ್ದ, ಅವನು "ಮೇಷ್ಟ್ರೇ" ಎನ್ನುವನು. ಮೂರಕ್ಕೂ ಒಬ್ಬರೇ ತಿರುಗಿ ನೋಡುತ್ತಿದ್ದರು.

ಇನ್ನು ಸೆಂಡಾಫಿನ ವಿಷಯ. ಆಗ ಎಸ್.ಎಸ್.ಸಿ. ಎಂಬುದು ಹನ್ನೊಂದನೆಯ ಇಯತ್ತೆಯ ಕೊನೆಗೆ ಬರುತ್ತಿತ್ತು. ಹತ್ತರ ಕೊನೆಗೆ ಬಂದದ್ದು 1975ರಿಂದ. ಪರೀಕ್ಷೆ ಮಾರ್ಚಿಯಲ್ಲಿ, ಬೀಳ್ಕೊಡುಗೆ ಫೆಬ್ರವರಿಯ ಒಂದು ಶನಿವಾರ ರಾತ್ರಿ. ಹತ್ತನೆಯವರು ತಲೆಗೆ ಇಷ್ಟೆಂದು ವಂತಿಗೆ ಎತ್ತಿ ಹನ್ನೊಂದನೆಯವರನ್ನೂ ಮಾಸ್ಟ್ರುಗಳನ್ನೂ ಕರೆಯುವುದು ಪದ್ಧತಿ. ಹಣ ಸ್ವಲ್ಪವೇ ಆದರೂ ತಿಂಡಿಗೆ ಕೊರತೆಯಿಲ್ಲ. ಒಬ್ಬನ ಹೋಟೆಲಿನಿಂದ ಗೋಳಿಬಜೆ, ಇನ್ನೊಬ್ಬನ ಹೋಟೆಲಿನಿಂದ ಇಡ್ಲಿ, ಮತ್ತೊಬ್ಬನ ಧಣಿಗಳು ಸಂತೋಷದಿಂದ ಕೊಟ್ಟ ಜಿಲೇಬಿ. ಹುಡುಗ ಮೆಟ್ರಿಕ್ ಪಾಸಾದರೆ ಹೋಟೆಲು ಬಿಟ್ಟು ಹೋಗುತ್ತಾನೆಂದು ಗೊತ್ತಿದ್ದೂ ಜಿಲೇಬಿ ಕೊಟ್ಟ ಆ ಧಣಿಗಳನ್ನು ಇಲ್ಲಿ ನೆನೆಯದಿದ್ದರೆ ಆಗದು.

ಅಂದಿನ ರಾತ್ರಿಗೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಹನ್ನೊಂದನೆಯವರು ಯಾರೂ ಏಳಕೂಡದು, ಬಡಿಸಕೂಡದು, ಎಲೆ ಎತ್ತಕೂಡದು. ದಿನಕ್ಕೆ ಹದಿನಾಲ್ಕು ಗಂಟೆ ಇತರರಿಗೆ ಬಡಿಸಿದವರು ಆ ಒಂದು ರಾತ್ರಿ ಕುಳಿತು ತಿನ್ನಬೇಕು. ಕೇಳುವುದಕ್ಕೆ ಇದು ಸುಲಭ. ಆದರೆ ನಮ್ಮಲ್ಲಿ ಒಬ್ಬನಿದ್ದ, ಎದುರಿನವನ ಲೋಟ ಖಾಲಿಯಾದುದನ್ನು ಕಂಡರೆ ಅವನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಅವನ ಎರಡು ಕೈಗಳನ್ನೂ ಹತ್ತನೆಯವರು ಟವಲಿನಿಂದ ಬೆಂಚಿಗೆ ಕಟ್ಟಿ, ಬಾಯಿಗೆ ಜಿಲೇಬಿ ಹಾಕಿದರು.

ಬಡಿಸುವವರು ಯಾರು? ಹತ್ತನೆಯವರು, ಅವರ ಜೊತೆಗೆ ಸಾಕ್ಷಾತ್ ಮಾಸ್ಟ್ರುಗಳು. ಮುಖ್ಯೋಪಾಧ್ಯಾಯರು ಬಾಗಿಲ ಬಳಿ ಮೇಜು ಹಾಕಿಕೊಂಡು ಗಲ್ಲಾದ ಮೇಲೆ ಕುಳಿತುಕೊಳ್ಳುವರು. ಅಂದು ನಾವು ಗಿರಾಕಿಗಳು. ವರ್ಷಗಟ್ಟಲೆ ಗಿರಾಕಿಗಳಿಂದ ಕೇಳಿದ ಮಾತೆಲ್ಲ ಬಡ್ಡಿ ಸಮೇತ ಹೊರಬೀಳುತ್ತಿತ್ತು. "ಏ ಮಾಣಿ, ಮೇಜು ಒರೆಸು!" "ಇದೇನಯ್ಯಾ ಚಹಾವೋ, ಲೋಟ ತೊಳೆದ ನೀರೋ?" "ಎಲ್ಲಿ ನಿನ್ನ ಮ್ಯಾನೇಜರು, ಕರಿ!" ಭೂಗೋಳದ ಮಾಸ್ಟ್ರು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಓಡಾಡುತ್ತ, ಆರು ಲೋಟಗಳನ್ನು ಒಂದೇ ಕೈಯಲ್ಲಿ ಹಿಡಿಯಲು ಹೋಗಿ ಎರಡನ್ನು ಬೀಳಿಸಿದಾಗ ಎದ್ದ ಆನಂದವನ್ನು ಏನೆಂದು ಹೇಳಲಿ! ಕೊನೆಗೆ ಹನ್ನೊಂದನೆಯವರಲ್ಲಿ ಒಬ್ಬ ಎದ್ದು, "ಬಿಲ್ಲು ಎಷ್ಟಾಯಿತು?" ಎಂದು ಗಲ್ಲಾದ ಕಡೆಗೆ ಕೂಗಬೇಕು. ಆ ವರ್ಷ ಮುಖ್ಯೋಪಾಧ್ಯಾಯರು ಕನ್ನಡಕ ಏರಿಸಿ, ಹಾಜರಿಪುಸ್ತಕ ತಿರುವಿ, "ಬಾಕಿ ಬಹಳ ಇದೆ. ಈಗ ಬೇಡ, ಮಾರ್ಚಿಯಲ್ಲಿ ಕಟ್ಟಿ" ಎಂದರು. ನಗು ಒಮ್ಮೆಲೇ ನಿಂತಿತು. ಪರೀಕ್ಷೆಗೆ ಐದು ವಾರ ಉಳಿದಿತ್ತು.

ತಿಂಡಿಯಾದ ಮೇಲೆ ಫಿಶ್‌ಪಾಂಡ್. ರಟ್ಟಿನ ಪೆಟ್ಟಿಗೆಗೆ ನೀಲಿ ಕಾಗದ ಅಂಟಿಸಿದರೆ ಅದೇ ಕೊಳ. ಮಡಿಸಿದ ಚೀಟಿಗಳೇ ಮೀನು. ಕೋಲಿನ ತುದಿಗೆ ಬಗ್ಗಿಸಿದ ತಂತಿಯೇ ಗಾಳ. ಚೀಟಿಯಲ್ಲಿ ಒಬ್ಬೊಬ್ಬರ ಮೇಲೂ ಒಂದೊಂದು ಚುಟುಕು ಮಾತು. ಬರೆದವರ ಹೆಸರಿಲ್ಲ. ಮರಾಠಿಯವರು ಇದನ್ನೇ ಶೇಲಾಪಾಗೋಟೆ ಎನ್ನುತ್ತಾರೆ. ಶೇಲಾ ಎಂದರೆ ಶಲ್ಯ, ಪಾಗೋಟೆ ಎಂದರೆ ಮುಂಡಾಸು. ಶಲ್ಯ ಹೊದಿಸಿ ಮುಂಡಾಸು ತೊಡಿಸಿದ ಹಾಗೆ ಮಾಡಿ ಚುಚ್ಚುವುದು. ಈ ಹೆಸರು ನಮ್ಮ ಇಂಗ್ಲಿಷಿನ ಮೀನುಕೊಳಕ್ಕಿಂತ ಎಷ್ಟೋ ಮೇಲು ಎಂದು ನಮ್ಮ ಅಭಿಪ್ರಾಯ.

ಕೆಲವು ಚೀಟಿಗಳು ಇನ್ನೂ ನೆನಪಿನಲ್ಲಿವೆ. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವನೊಬ್ಬನಿದ್ದ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಹಿಟ್ಟು ರುಬ್ಬುವವನು. ಅವನಿಗೆ ಬಂದದ್ದು: "ಕುಂಭಕರ್ಣನಿಗೆ ಆರು ತಿಂಗಳು, ಇವನಿಗೆ ಆರೂವರೆಯಿಂದ ಒಂಬತ್ತೂವರೆ." ಗಣಿತದ ಮಾಸ್ಟ್ರು ನಮಗೆ ಪ್ರಿಲಿಮಿನರಿಯಲ್ಲಿ ನೂರಕ್ಕೆ ಹದಿನೆಂಟು ಕೊಟ್ಟಿದ್ದರು. ಅವರಿಗೆ: "ಒಮ್ಮೆ ನಮ್ಮ ಹೋಟೆಲಿಗೆ ಬನ್ನಿ, ಹದಿನೆಂಟರ ಬಿಲ್ಲನ್ನು ನೂರು ಮಾಡಿ ತೋರಿಸುತ್ತೇವೆ." ಗಂಟೆ ಬಾರಿಸಿದ ಮೇಲೂ ಪಾಠ ಬಿಡದ ಇಂಗ್ಲಿಷ್ ಮಾಸ್ಟ್ರಿಗೆ: "ಇವರ ತರಗತಿಯಲ್ಲಿ ಭೂತಕಾಲವಿದೆ, ವರ್ತಮಾನಕಾಲವಿದೆ, ಭವಿಷ್ಯತ್ಕಾಲವಿದೆ, ಊಟದ ಕಾಲವೊಂದಿಲ್ಲ."

ಎಲ್ಲಕ್ಕಿಂತ ಮಿಗಿಲಾದುದು ಕನ್ನಡದ ಮಾಸ್ಟ್ರದು. ವ್ಯಾಕರಣದಲ್ಲಿ ಅವರಿಗೆ ಎದುರಿಲ್ಲ. ನಲವತ್ತು ದಾಟಿದರೂ ಅವಿವಾಹಿತರು. ಅವರೇ ಗಾಳ ಹಾಕಿ, ಅವರೇ ಚೀಟಿ ಎತ್ತಿ, ಗಟ್ಟಿಯಾಗಿ ಓದಿದರು: "ಲೋಪ, ಆಗಮ, ಆದೇಶ ಮೂರನ್ನೂ ಬಲ್ಲರು, ಮನೆಗೆ ಒಬ್ಬಳ ಆಗಮ ಮಾತ್ರ ಇನ್ನೂ ಆಗಿಲ್ಲ." ಹಿಂದೆ ಕುಳಿತ ನಮಗೆ ಉಸಿರೇ ನಿಂತಂತಾಯಿತು. ಅವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಆಗಮವಾದರೆ ಬೆನ್ನಿಗೇ ಆದೇಶ ಬರುತ್ತದಪ್ಪಾ. ಆಮೇಲೆ ಉಳಿಯುವುದು ನನ್ನ ಲೋಪ" ಎಂದರು. ಮೂರು ಸಂಧಿಗಳನ್ನು ಅಂದು ಕಲಿತವರು ಯಾರೂ ಪರೀಕ್ಷೆಯಲ್ಲಿ ತಪ್ಪು ಬರೆಯಲಿಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೆ ನಾವು ಬಹಳ ಒಳ್ಳೆಯವರೆಂದು ತೋರುತ್ತೇವೆ. ಆದುದರಿಂದ ಇನ್ನೊಂದು ಚೀಟಿಯ ವಿಷಯವನ್ನೂ ಹೇಳಬೇಕು. ನಮ್ಮ ಇಯತ್ತೆಯಲ್ಲಿ ಒಬ್ಬ ಸಹಪಾಠಿ ಪ್ರತಿದಿನವೂ ಒಂದೇ ಬೂದು ಬಣ್ಣದ ಅಂಗಿಯಲ್ಲಿ ಬರುತ್ತಿದ್ದ. ಅವನ ಚೀಟಿ ಹೀಗಿತ್ತು: "ತಿಥಿ ಬದಲಾಗುವುದು, ವಾರ ಬದಲಾಗುವುದು, ಪಂಚಾಂಗವೇ ಬದಲಾಗುವುದು, ಇವನ ಅಂಗಿ ಬದಲಾಗದು." ಜನ ನಕ್ಕರು. ಅವನೂ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ನೀರು ಕುಡಿಯುವವನಂತೆ ಎದ್ದು ಹೋದವನು ಮತ್ತೆ ಬರಲಿಲ್ಲ. ಗುಂಪಿನ ಫೋಟೋದಲ್ಲಿ ಅವನಿಲ್ಲ. ಪರೀಕ್ಷೆ ಬರೆದನೆಂದು ಕೇಳಿದೆವು. ಆಮೇಲೆ ಅವನ ಮುಖ ಕಾಣಲಿಲ್ಲ. ಸಂಬಳದಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳದೆ ಊರಿಗೆ ಮನಿಯಾರ್ಡರು ಮಾಡುತ್ತಿದ್ದನೆಂದು ಅವನ ಹೋಟೆಲಿನವರು ನಮಗೆ ಹೇಳಿದ್ದು ಮರುವಾರ. ಆ ಚೀಟಿಯಲ್ಲಿ ಹೆಸರಿರಲಿಲ್ಲವಷ್ಟೆ. ಈಗ ಹೇಳುತ್ತೇವೆ: ಅದನ್ನು ಬರೆದವರು ನಾವು ನಾಲ್ವರೇ. ಮರುವರ್ಷದಿಂದ ಮುಖ್ಯೋಪಾಧ್ಯಾಯರು ಚೀಟಿಗಳನ್ನು ಮೊದಲೇ ಓದಿ ಪೆಟ್ಟಿಗೆಗೆ ಹಾಕುವ ಪದ್ಧತಿ ಮಾಡಿದರಂತೆ. "ಇದ್ದುದನ್ನು ಹಾಸ್ಯ ಮಾಡಿ, ಇಲ್ಲದ್ದನ್ನು ಮಾಡಬೇಡಿ" ಎಂದು ಅವರು ಹತ್ತನೆಯವರಿಗೆ ಹೇಳಿದ ಮಾತು ತಿರುಗಿ ತಿರುಗಿ ನಮ್ಮ ಕಿವಿಗೂ ಬಂದು ಮುಟ್ಟಿತು.

ಸೆಂಡಾಫಿನ ಕೊನೆಯ ಭಾಗ ಉಯಿಲು ಓದುವುದು. ಕೋಟೆ ಭಾಗದ ಒಬ್ಬ ವಕೀಲರ ಕಚೇರಿಯಲ್ಲಿ ಪೇದೆಯಾಗಿದ್ದ ಯಾವನೋ ನಮ್ಮ ಹಿಂದಿನವನು ಈ ಚಾಳಿಯನ್ನು ಆರಂಭಿಸಿದನಂತೆ. "ಹನ್ನೊಂದನೆಯ ಇಯತ್ತೆಯವರಾದ ನಾವು, ಗಣಿತದ ಅವಧಿಯೊಂದನ್ನು ಬಿಟ್ಟು ಉಳಿದ ಕಾಲದಲ್ಲಿ ಸ್ವಸ್ಥಚಿತ್ತರಾಗಿದ್ದು, ಯಾರ ಒತ್ತಾಯವೂ ಇಲ್ಲದೆ ಹತ್ತನೆಯವರಿಗೆ ಬರೆದುಕೊಟ್ಟ ಉಯಿಲು ಏನೆಂದರೆ" ಎಂದು ಅದರ ಪ್ರಾರಂಭ. ಕಿಟಕಿಯ ಪಕ್ಕದ ಬೆಂಚು, ಅದರ ಅಲುಗಾಡುವ ಕಾಲು, ಆ ಕಾಲಿನ ಕೆಳಗೆ ಇಡತಕ್ಕ ಮಡಿಸಿದ ಕಾಗದ ಸಹಿತ, ಸಿಪಾಯಿಯ ಸ್ನೇಹ, ಇತಿಹಾಸದ ಮಾಸ್ಟ್ರ ಸಿಟ್ಟು, ಅನುಭವಿಸುವ ಹಕ್ಕಿನೊಡನೆ. ಹೀಗೆ ಸಾಗಿ ಕೊನೆಗೆ ಒಂದು ನಿಜವಾದ ಆಸ್ತಿ. ಮೈಸೂರು ವಿಶ್ವವಿದ್ಯಾನಿಲಯದವರು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್–ಕನ್ನಡ ನಿಘಂಟಿನ ಒಂದು ಪ್ರತಿ. ಹಿಂದಿನ ಯಾವುದೋ ತಂಡದವರು ವಂತಿಗೆ ಹಾಕಿ ಕೊಂಡದ್ದು. ಬೇರೆ ಯಾರಲ್ಲಿಯೂ ನಿಘಂಟೆಂಬುದು ಇರಲಿಲ್ಲ. ಪ್ರತಿವರ್ಷ ಹನ್ನೊಂದನೆಯವರು ಅದನ್ನು ಹತ್ತನೆಯವರಲ್ಲಿ ಒಬ್ಬನಿಗೆ ಒಪ್ಪಿಸುವರು. ಅವನು ವರ್ಷವೆಲ್ಲಾ ಅದನ್ನು ಕಾಯಬೇಕು, ಕೇಳಿದವರಿಗೆಲ್ಲ ಕೊಡಬೇಕು. ಮೊದಲ ಪುಟದಲ್ಲಿ ಇಸವಿ, ಪಡೆದವನ ಹೆಸರು, ಕೊಟ್ಟವನ ರುಜು.

1968ರ ಸಾಲಿನಲ್ಲಿ ಪಡೆದವನೆಂದು ಇರುವುದು ಆ ಬೂದು ಅಂಗಿಯವನ ಹೆಸರು. 1969ರಲ್ಲಿ ಕೊಡಬೇಕಾಗಿದ್ದವನೂ ಅವನೇ. ಅವನು ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದ. ನಾವು ಎತ್ತಿಕೊಟ್ಟೆವು. ರುಜು ಹಾಕಲು ಒಬ್ಬರಿಗೂ ಕೈ ಬರಲಿಲ್ಲ. ಆ ಜಾಗ ಇಂದಿಗೂ ಖಾಲಿಯಿದೆ.

ಹೋಗುವವರು ಇರುವವರಿಗೆ ಏನಾದರೊಂದನ್ನು ಒಪ್ಪಿಸಿ ನಗುತ್ತ ಹೋಗುವ ಈ ಸಂಪ್ರದಾಯ ನಮ್ಮದೊಂದೇ ಎಂದು ತಿಳಿಯಬಾರದು. ಫಿನ್ಲೆಂಡ್ ದೇಶದ ಪ್ರೌಢಶಾಲೆಗಳಲ್ಲಿ ಕೊನೆಯ ವರ್ಷದವರು ಫೆಬ್ರವರಿಯಲ್ಲಿಯೇ ಪರೀಕ್ಷೆಯ ಓದಿಗೆಂದು ಶಾಲೆ ಬಿಡುತ್ತಾರೆ. ಆ ದಿನ ವೇಷ ಹಾಕಿಕೊಂಡು, ಮಾಸ್ತರರನ್ನು ಅಣಕಿಸುವ ಬರಹಗಳನ್ನು ಲಾರಿಗಳಿಗೆ ತೂಗುಹಾಕಿ, ಆ ಲಾರಿಗಳಲ್ಲಿ ಊರು ಸುತ್ತುತ್ತ ಚಿಕ್ಕವರತ್ತ ಮಿಠಾಯಿ ಎರಚುತ್ತಾರೆ. ಅದೂ ಹಿಮದ ಮೇಲೆ. ಇದಕ್ಕೆ ಅವರು ಪೆಂಕ್ಕಾರಿತ್ ಎನ್ನುತ್ತಾರೆ. ಅದರ ಮರುದಿನ ಎರಡನೆಯ ವರ್ಷದವರು, ಇನ್ನು ಶಾಲೆಗೆ ನಾವೇ ದೊಡ್ಡವರು ಎಂದು ಹಳೆಯ ಕಾಲದ ಉಡುಪು ಧರಿಸಿ ನೃತ್ಯ ಮಾಡುತ್ತಾರೆ. ಆ ಮರುದಿನದ ಮಾತು ನಮ್ಮ ಮನಸ್ಸಿನಲ್ಲಿ ಬಹಳ ನಿಂತಿತು. ಹಿಂದೆ ಯಾರೋ ಇದ್ದಾರೆಂಬ ಧೈರ್ಯವಿದ್ದರಲ್ಲವೇ ಹೋಗುವವನಿಗೆ ನಗು ಬರುವುದು?

ನಮ್ಮ ಶಾಲೆಯಲ್ಲಿ ಹಿಂದೆ ಯಾರೂ ಇಲ್ಲದಂಥ ವರ್ಷ 2012ರಲ್ಲಿ ಬಂತು. ಇದು ಹೇಗಾಯಿತೆಂದು ದೂರುವವರಿದ್ದಾರೆ. ನಾವು ದೂರುವುದಿಲ್ಲ. ಊರಿನಲ್ಲಿಯೇ ಪ್ರೌಢಶಾಲೆ, ಕಾಲೇಜುಗಳು ಎದ್ದವು. ಹುಡುಗರು ಹತ್ತನೆಯ ವಯಸ್ಸಿಗೆ ಮನೆ ಬಿಟ್ಟು ಬರುವುದು ಕಡಿಮೆಯಾಯಿತು. ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ನಿಷೇಧವೂ 2006ರ ಅಕ್ಟೋಬರಿನಲ್ಲಿ ಬಂತು. ಹಿಟ್ಟು ರುಬ್ಬಿ ಬಂದು ಬೆಂಚಿನ ಮೇಲೆ ನಿದ್ದೆ ಮಾಡುವ ಹುಡುಗ ಇಲ್ಲವಾದುದಕ್ಕೆ ಅಳುವುದು ಹೇಗೆ? ಮತ್ತೊಂದು ಕಾರಣ ನಮ್ಮ ಮನೆಯೊಳಗಿನದು. ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ನಾವು ನಾಲ್ವರೂ ನಮ್ಮ ಮಕ್ಕಳನ್ನು ಕಳಿಸಿದ್ದು ಇಂಗ್ಲಿಷ್ ಶಾಲೆಗೆ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಪುಣೆಯಿಂದ ಅಚ್ಚಾಗಿ ಬರುತ್ತಿತ್ತು. ಕೊಳ್ಳುವ ಮನೆ ನಮ್ಮದಾಗಿರಲಿಲ್ಲ.

ಆ ವರ್ಷ ಹತ್ತನೆಯಲ್ಲಿ ಏಳು ಮಂದಿ. ಹೆಚ್ಚಿನವರು ಕಲಬುರಗಿ, ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಮನೆಗಳವರು. ಒಂಬತ್ತನೆಯ ಇಯತ್ತೆ ತೆರೆದೇ ಇರಲಿಲ್ಲ. ಬೀಳ್ಕೊಡುವವರಿಲ್ಲದೆ ಬೀಳ್ಕೊಡುಗೆ ಹೇಗೆ ಎಂದು ಮಾಸ್ತರರು ನಮಗೆ ಹೇಳಿಕಳಿಸಿದರು. ಹಳೆಯ ವಿದ್ಯಾರ್ಥಿಗಳು ಮೂವತ್ತು ಮಂದಿ ಹೋದೆವು. ಮುಪ್ಪಿನ ಮೊಣಕಾಲನ್ನು ಆ ಮಕ್ಕಳ ಬೆಂಚಿನಲ್ಲಿ ತುರುಕಿಕೊಂಡು ಒಂಬತ್ತನೆಯವರಾಗಿ ಕುಳಿತೆವು. ಗಲ್ಲಾ ಇಟ್ಟೆವು, ವಸ್ತ್ರ ಹೆಗಲಿಗೇರಿಸಿ ಬಡಿಸಿದೆವು. ಮೊದಲು ಆ ಮಕ್ಕಳು ಸಂಕೋಚಪಟ್ಟರು. ಮನೆಕೆಲಸ ಮಾಡಿಕೊಂಡು ಓದುತ್ತಿದ್ದ ಒಬ್ಬ ಹುಡುಗಿ ಧೈರ್ಯ ಮಾಡಿ, "ಏನ್ರಪಾ ತಮ್ಮಗೋಳ್ರಾ, ಚಾ ತಣ್ಣಗಾಗೇತಿ, ಬಿಸಿ ಮಾಡ್ಕೊಂಡ್ ಬರ್ರಿ!" ಎಂದು ಕೂಗಿದಳು ನೋಡಿ, ಆಮೇಲೆ ಹಿಡಿಯುವವರಿಲ್ಲ. ಚೀಟಿಯಲ್ಲಿ ನಮಗೆ ಬಂದದ್ದು: "ನಲವತ್ತಮೂರು ವರ್ಷದಿಂದ ಒಂಬತ್ತನೆಯಲ್ಲೇ ಫೇಲಾಗುತ್ತಿರುವವರು." ಅಷ್ಟು ಸರಿಯಾದ ಪೆಟ್ಟು ನಮಗೆ ಈ ಜನ್ಮದಲ್ಲಿ ಬಿದ್ದಿಲ್ಲ.

ಉಯಿಲು ಓದುವ ಹೊತ್ತಿಗೆ ಆ ಹುಡುಗಿಯೇ ನಿಘಂಟನ್ನು ತಂದಳು. ರಟ್ಟು ಎರಡು ಸಲ ಬದಲಾಗಿತ್ತು. ಮೊದಲ ಪುಟ ತುಂಬಿ ಹೆಸರುಗಳು ಎರಡನೆಯ ಪುಟಕ್ಕೆ ಹರಿದಿದ್ದವು. ಯಾರಿಗೆ ಕೊಡುವುದೆಂದು ತಿಳಿಯದೆ ಅವಳು ಒಂದು ಕ್ಷಣ ನಿಂತಳು. ಕೊನೆಗೆ ನಮ್ಮ ಕೈಗಿಟ್ಟು, "ಕಾಕಾರ, ಇದನ್ನ ಕಪಾಟಿನ್ಯಾಗಿಟ್ಟು ಕೀಲಿ ಹಾಕಬ್ಯಾಡ್ರಿ" ಎಂದಳು. ಹೂಂ ಎಂದೆವು.

ಹೂಂ ಎಂದು ತಂದು ನಮ್ಮ ಸಂಘದ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಇದು ನಡೆದ ಸಂಗತಿ, ಮುಚ್ಚಿಡುವುದೇಕೆ? ಈಗ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿ ತೋರಿಸೋಣವೆಂದು ಕಾರ್ಯಕಾರಿ ಸಮಿತಿಯಲ್ಲಿ ಒಂದು ಸಲಹೆ ಬಂದಿದೆ. ಸಲಹೆ ಮಾಡಿದವರ ಪ್ರೀತಿ ದೊಡ್ಡದು. ಆದರೂ ನಾವು ಒಪ್ಪಲಾರೆವು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಹದಿನಾಲ್ಕು ಮಕ್ಕಳು ಬರುತ್ತಿದ್ದಾರೆ. ಅವರಲ್ಲಿ ಐವರು ಈ ಸಲ ಹತ್ತನೆಯ ಪರೀಕ್ಷೆಗೆಂದು ತರಗತಿ ಬಿಡುವವರು. ಅವರ ಶಾಲೆ ಇಂಗ್ಲಿಷಿನದೇ ಇರಲಿ. ಹಿಂದೆ ಒಂಬತ್ತು ಮಂದಿ ಉಳಿಯುತ್ತಾರಷ್ಟೆ. ಫೆಬ್ರವರಿಯ ಎರಡನೆಯ ಭಾನುವಾರ ಈ ಸಭಾಗೃಹದಲ್ಲಿಯೇ ಸೆಂಡಾಫ್ ಆಗಬೇಕು, ನಿಘಂಟು ಒಬ್ಬ ಮಗುವಿನ ಕೈಗೆ ಹೋಗಬೇಕು ಎಂಬುದು ನಮ್ಮ ಕೋರಿಕೆ. ಅದು ಹರಿದರೆ ಹರಿಯಲಿ, ಮತ್ತೆ ಕಟ್ಟಿಸೋಣ. ಇಂದಿನ ಮಕ್ಕಳಿಗೆ ಶಬ್ದದ ಅರ್ಥ ಬೇಕಾದರೆ ಜೇಬಿನ ಫೋನಿನಲ್ಲಿ ಸಿಗುತ್ತದೆಂಬುದು ನಮಗೂ ಗೊತ್ತು. ಹೆಸರು ಬರೆಯುವ ಪುಟ ಅದರಲ್ಲಿ ಸಿಗದು.

ತಿಂಡಿಯ ಏರ್ಪಾಡನ್ನು ನಾವು ನಾಲ್ವರು ನೋಡಿಕೊಳ್ಳುತ್ತೇವೆ. ಬಡಿಸುವುದಕ್ಕೆ ಅಧ್ಯಕ್ಷರನ್ನೂ ಕಾರ್ಯದರ್ಶಿಗಳನ್ನೂ ಈಗಲೇ ಗೊತ್ತುಮಾಡಿದೆ. ಲೋಟ ಒಡೆದರೆ ಸಂಘದ ಖರ್ಚು. ಫಿಶ್‌ಪಾಂಡಿನ ಪೆಟ್ಟಿಗೆ ಇಂದಿನಿಂದಲೇ ಗ್ರಂಥಾಲಯದ ಮೇಜಿನ ಮೇಲಿದೆ, ಪಕ್ಕದಲ್ಲಿ ಕಾಗದವೂ ಪೆನ್ಸಿಲೂ ಇವೆ. ನಮ್ಮ ಮೇಲೂ ಧಾರಾಳವಾಗಿ ಬರೆಯಿರಿ, ಹೆಸರು ಹಾಕಬೇಕಾಗಿಲ್ಲ. ಚೀಟಿಗಳನ್ನು ಪೆಟ್ಟಿಗೆಗೆ ಹಾಕುವ ಮೊದಲು ಒಮ್ಮೆ ಓದಿ ನೋಡುವ ಕೆಲಸವನ್ನು ಮಾತ್ರ ನಾವು ಕೇಳಿ ತೆಗೆದುಕೊಂಡಿದ್ದೇವೆ.